ಒಡೆದ ಕೊಡದ ಗುಡ್ಡ

ನಮ್ಮ ನೆಲ್ಲಿಹಾಳಿನ ಮೂಡಲಿಗೆ ಒಂದೇ ಒಂದು ಮರವಿಲ್ಲದ ಕರಿಬಂಡೆಯ ಗುಡ್ಡವಿದೆ. ಅದರ ನೆತ್ತಿಯನ್ನು ದಾಟಿಯೇ ಹಳೆಯ ಕಾಲುದಾರಿ ಆಚೆಯ ಬಯಲಿಗೆ ಇಳಿಯುತ್ತದೆ. ಬೇಸಿಗೆಯಲ್ಲಿ ಅದನ್ನು ಎಲ್ಲೂ ನಿಲ್ಲದೆ ಹತ್ತುವವನು ಈ ಸೀಮೆಯಲ್ಲಿ ನಾನೊಬ್ಬನೇ. ನಂಬದವರು ಬಂದು ನೋಡಲಿ. ನೆತ್ತಿಯ ಮೇಲೆ ಕಲ್ಲುಚಪ್ಪಡಿ ಹೊದಿಸಿದ ಗಿಡ್ಡ ಅರವಟಿಗೆ, ಒಳಗೆ ಸಾಲಾಗಿ ಇಟ್ಟ ಮಣ್ಣಿನ ಕೊಡಗಳು, ಎಲ್ಲದರಲ್ಲೂ ಬಾಯಿತನಕ ನೀರು. ಒಂದಕ್ಕೂ ಬಿರುಕಿಲ್ಲ. ಹಾಗಿದ್ದೂ ಇದು ಒಡೆದ ಕೊಡದ ಗುಡ್ಡ ಹೇಗಾಯಿತೆಂದು ಬಂದವರೆಲ್ಲ ಕೇಳುತ್ತಾರೆ. ಪಕ್ಕದ ಊರವರು ಭೀಮ, ರಾಕ್ಷಸ ಎಂದೇನೇನೋ ಹೇಳುತ್ತಾರೆ. ಅವರ ಮಾತು ಅತ್ತ ಇಡಿ. ಇದು ನಮ್ಮ ಮನೆಯ ಹೆಣ್ಣುಮಗಳ ಕಥೆ, ಹೇಳುವ ಹಕ್ಕೂ ನಮ್ಮದೇ.

ಹಿಂದೆ ಒಮ್ಮೆ ನಮ್ಮ ವಂಶದಲ್ಲಿ ಕೆಂಚವ್ವ ಎಂಬವಳಿದ್ದಳು ಎನ್ನುತ್ತಾರೆ. ಎಳೆಯ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು, ಗುಡ್ಡದ ಬುಡದ ಒರತೆಯಿಂದ ದಿನವೂ ನೀರು ಹೊತ್ತು ನೆತ್ತಿಗೇರಿ ದಾರಿಹೋಕರಿಗೆ ಎರೆಯತೊಡಗಿದಳು. ತಲೆ ನರೆಯಿತು, ಬೆನ್ನು ಬಾಗಿತು, ಆದರೆ ಅವಳ ಕೊಡ ಬರಿದಾದದ್ದನ್ನು ಕಂಡವರಿಲ್ಲ. ನಮ್ಮ ಮನೆತನದ ಕಾಲುಗಳೇ ಅಂಥವು. ಅವಳನ್ನು ನಂಬಿ ಆ ದಾರಿಯವರು ನೀರಿನ ಸೋರೆಬುರುಡೆ ಕಟ್ಟಿಕೊಳ್ಳುವುದನ್ನೇ ಬಿಟ್ಟಿದ್ದರು. ಆಚೆ ಬಯಲಿನ ಬಳೆಗಾರ ಚೆನ್ನಶೆಟ್ಟಿ ನೀರು ಕುಡಿದು ಬಾಯಿ ಒರೆಸಿಕೊಳ್ಳುತ್ತ, "ಅವ್ವಾ, ನಿನ್ನ ಕೈಗೆ ಎರಡು ಬಳಿ ಇಡಾಕೂ ಬರದಂಗ ಮಾಡ್ಯಾನ ನೋಡು ಆ ದ್ಯಾವರು" ಎಂದರೆ ಅವಳು ನಗುತ್ತಿದ್ದಳಂತೆ: "ಚಲೋನ ಆತು ಬಿಡೋ ಶೆಟ್ಟಿ. ಬಳಿ ಇದ್ದಿದ್ರ ಕೊಡ ಹೊರಾಕ ಅಡ್ಡ ಬರ್ತಿದ್ವು."

ಒಂದು ಸುಡುಬೇಸಿಗೆಯಲ್ಲಿ ಅವಳು ಹಾಸಿಗೆ ಹಿಡಿದಳು. ತಾನೇ ಸಾಕಿದ ಅಣ್ಣನ ಮಗ ಬೊಮ್ಮಪ್ಪನನ್ನು ಕರೆದು, "ನಾ ಸತ್ರೂ ನೀರು ನಿಲ್ಲಸಬ್ಯಾಡ, ತಮ್ಮಾ" ಎಂದಳು. "ನಿಲ್ಲಸಂಗಿಲ್ಲ, ಅತ್ತಿ" ಎಂದು ಅವನು ಅವಳ ಕೈ ಹಿಡಿದ. ಅವಳು ತೀರಿಕೊಂಡಳು. ಅರವಟಿಗೆಯ ಪಕ್ಕದಲ್ಲೇ ಮಣ್ಣು ಮಾಡಿದರು. ಸತ್ತವರ ಸುತ್ತ ನೀರಿನ ಕೊಡ ಹೊತ್ತು ತಿರುಗಿ ಅದನ್ನು ಒಡೆಯುವುದು ಆಗಿನ ಪದ್ಧತಿ. ಅತ್ತೆ ಹೊತ್ತ ಕೊಡವನ್ನು ಬೇರೆಯವರ ತಲೆಗೇರಿಸಲು ಬೊಮ್ಮಪ್ಪನಿಗೆ ಮನಸ್ಸು ಬರಲಿಲ್ಲ. ಅಳುತ್ತ ಅದನ್ನೇ ಹೊತ್ತು ತಿರುಗಿ ಬಂಡೆಗೆ ಒಡೆದ. ಮರುದಿನ ಬೇರೆ ಕೊಡ ತೆಗೆದುಕೊಂಡು ಹೊರಟರೆ ಹಿರಿಯರು ಅಡ್ಡಗಟ್ಟಿದರು. ಸೂತಕದ ಮನೆಯ ನೀರನ್ನು ಪರರಿಗೆ ಕುಡಿಸುವುದುಂಟೇ? ಊರೆಲ್ಲ ಒಂದೇ ಬೆಡಗಿನ ದಾಯಾದಿಗಳಾದ್ದರಿಂದ ಸೂತಕವಿಲ್ಲದ ಮನೆಯೇ ಇರಲಿಲ್ಲ. "ಸೂತಕ ಕಳೀಲಿ, ಆಮ್ಯಾಲೆ ಹೊರುವಂತಿ" ಎಂದರು ಅವನ ದೊಡ್ಡಪ್ಪ. ಬೊಮ್ಮಪ್ಪ ಕೊಡ ಕೆಳಗಿಟ್ಟ.

ಸೂತಕ ಕಳೆಯುವ ಮೊದಲೇ ಗುಡ್ಡದ ಮೇಲೆ ಹದ್ದುಗಳು ಸುತ್ತತೊಡಗಿದವು. ಊರವರು ಹತ್ತಿ ನೋಡಿದರೆ ಅರವಟಿಗೆಯ ನೆರಳಿನಲ್ಲಿ ಚೆನ್ನಶೆಟ್ಟಿ ಬಿದ್ದಿದ್ದ. ಆಚೆ ಮಗ್ಗುಲಿನಿಂದ ನೀರಿನ ಬುರುಡೆಯಿಲ್ಲದೆ ಏರಿ ಬಂದವನಿಗೆ ಈಚೆ ಇಳಿಯುವ ತ್ರಾಣ ಉಳಿದಿರಲಿಲ್ಲ. ಬೆನ್ನಿಗೆ ಕಟ್ಟಿದ ಮಲಾರದ ಗಂಟಿನಲ್ಲಿ ಒಂದು ಬಳೆಯೂ ಒಡೆದಿರಲಿಲ್ಲ. ಅಂಗೈಯಲ್ಲಿ ಮಾತ್ರ ಕೆಂಚವ್ವನ ಕೊಡದ ಚೂರೊಂದಿತ್ತು, ಗುಳಿ ಮೇಲಾಗಿ, ನೀರು ಹಿಡಿಯುವ ಹಾಗೆ. ಬೊಮ್ಮಪ್ಪ ಕೆಳಗಿಳಿದು ಹೋಗಿ ಮನೆಯ ಕೊಡದಲ್ಲಿ ನೀರು ಹೊತ್ತು ತಂದ. "ಸೂತಕದ ನೀರೋ, ಬೊಮ್ಮಾ!" ಎಂದರು ದೊಡ್ಡಪ್ಪ. "ಹೌದು. ಈಗ ಬ್ಯಾಡ ಅನ್ನಾಕ ಅವನಿಗೆ ಬಾಯಿ ಎಲ್ಲೈತಿ, ದೊಡ್ಡಪ್ಪಾ?" ಎಂದು ಅವನು ಹೆಣದ ಬಾಯಿಗೆ ನೀರು ಬಿಟ್ಟ. ಅದು ಗಂಟಲಿಗಿಳಿಯದೆ ಕೆನ್ನೆಯ ಮೇಲೆ ಹರಿದು ಬಂಡೆಯ ಮೇಲೆ ಆರಿತು.

ಅಂದಿನಿಂದ ನಮ್ಮೂರಲ್ಲಿ ಸತ್ತವರಿಗೆ ಕೊಡ ಒಡೆಯುವುದಿಲ್ಲ. ಮಣ್ಣು ಮಾಡಿದ ದಿನವೇ, ಕಣ್ಣು ಒಣಗುವ ಮೊದಲು, ಆ ಮನೆಯವರೇ ತುಂಬಿದ ಕೊಡವನ್ನು ಗುಡ್ಡದ ನೆತ್ತಿಗೆ ಹೊತ್ತು ಅರವಟಿಗೆಯಲ್ಲಿಡಬೇಕು, ಮುಂದೆಯೂ ಅದು ಬರಿದಾಗದಂತೆ ತುಂಬುತ್ತಿರಬೇಕು. ಹೋದ ಬೇಸಿಗೆಯಲ್ಲಿ ನಮ್ಮಜ್ಜಿಯ ಕೊಡ ಹೊತ್ತವನು ನಾನು. ಅಂದೊಂದು ದಿನ ಮಾತ್ರ ನಡುದಾರಿಯಲ್ಲಿ ನಿಂತೆ, ಅದೂ ಬಹಳ ಹೊತ್ತು. ನೀವು ಹೋದರೆ ಅರವಟಿಗೆಯ ಹೊಸ್ತಿಲಲ್ಲಿ ಕೆಂಪು ಚೂರೊಂದನ್ನು ಗಾರೆಯಲ್ಲಿ ಹುದುಗಿಸಿರುವುದು ಕಾಣುತ್ತದೆ. ಅದನ್ನು ತುಳಿಯದೆ ದಾಟಿ ಒಳಗೆ ಹೋಗಿ. ಸಾಲಿನ ಕೊನೆಯ ಕೊಡ ನಮ್ಮಜ್ಜಿಯದು, ನೀರು ತಣ್ಣಗಿರುತ್ತದೆ.