ಚುಕ್ಕಿ ಆಡಿನ ದೊಡ್ಡ ಹೊಟ್ಟೆ

ಒಂದು ಕಾಡಿನ ಅಂಚಿನಲ್ಲಿ ಪುಟ್ಟಮಾದಮ್ಮ ಎಂಬ ಹೆಂಗಸು ಆಡು, ಕೋಳಿಗಳನ್ನು ಸಾಕಿಕೊಂಡಿದ್ದಳು. ಬೆಳಿಗ್ಗೆ ಕೋಳಿಗಳಿಗೆ ನುಚ್ಚು ಚೆಲ್ಲಿ, ಆಡುಗಳನ್ನು ಮೇಯಿಸಲು ಹೊಡೆದುಕೊಂಡು ಹೋಗುತ್ತಿದ್ದಳು. ಸಂಜೆ ಬಂದ ಮೇಲೆ ಒಂದೊಂದು ಆಡಿಗೂ ಒಂದೊಂದು ಹಿಡಿ ಬೂಸಾ. ಯಾರಿಗೂ ಹೆಚ್ಚಿಲ್ಲ, ಯಾರಿಗೂ ಕಡಿಮೆಯಿಲ್ಲ.

ಆ ಆಡುಗಳಲ್ಲಿ ಬೆಳ್ಳಿ ಎಂಬುದು ಗಬ್ಬವಾಯಿತು. ಪುಟ್ಟಮಾದಮ್ಮ ಅದನ್ನು ಕಾಡಿಗೆ ಬಿಡದೆ ಜಗಲಿಯ ಪಕ್ಕದಲ್ಲಿ ಕಟ್ಟಿದಳು. ಬೇಯಿಸಿದ ಹುರುಳಿ, ಬೆಲ್ಲ ಕದಡಿದ ಅಂಬಲಿ, ಹಸಿ ಅಗಸೆ ಸೊಪ್ಪು ತಂದು ಅದರ ಮುಂದಿಟ್ಟಳು.

ಮೈಮೇಲೆ ಬಿಳಿ ಚುಕ್ಕೆಗಳಿದ್ದ ಚುಕ್ಕಿ ಎಂಬ ಆಡು ಇದನ್ನು ನೋಡಿತು. ಹುರುಳಿಯ ವಾಸನೆ ಮೂಗಿಗೆ ಬಡಿಯಿತು. ತನ್ನ ಬೂಸಾ ಅದಕ್ಕೆ ರುಚಿಸಲೇ ಇಲ್ಲ.

ಮಾರನೆಯ ದಿನ ಚುಕ್ಕಿ ತೊಟ್ಟಿಯಲ್ಲಿದ್ದ ಕಲಗಚ್ಚನ್ನು ಹೊಟ್ಟೆ ಬಿರಿಯುವಷ್ಟು ಕುಡಿಯಿತು. ಕಾಲು ಅಗಲಿಸಿಕೊಂಡು ಅಂಗಳದಲ್ಲಿ ನಡೆಯಿತು. ಸ್ವಲ್ಪ ನಡೆಯುವುದು, ನಿಲ್ಲುವುದು, ನರಳುವುದು. ಪುಟ್ಟಮಾದಮ್ಮನಿಗೆ ಹಿಗ್ಗೋ ಹಿಗ್ಗು. ನೀನೂ ಗಬ್ಬವೇನೇ ಎಂದು ಅದರ ಬೆನ್ನು ಸವರಿ, ಬೆಳ್ಳಿಯ ಪಕ್ಕದಲ್ಲೇ ಕಟ್ಟಿದಳು. ಮನೆಯಲ್ಲಿದ್ದ ಹುರುಳಿ ಅಷ್ಟೇ. ಅದನ್ನೇ ಇಬ್ಬರಿಗೂ ಪಾಲು ಮಾಡಿದಳು.

ಚುಕ್ಕಿ ತನ್ನ ಪಾಲನ್ನು ಗಬಗಬನೆ ಮುಗಿಸಿ ಬೆಳ್ಳಿಯ ಪಾಲಿಗೂ ಬಾಯಿ ಹಾಕಿತು. ತನ್ನ ಹೊಟ್ಟೆಯಲ್ಲಿ ಎರಡು ಮರಿಗಳಿವೆ, ಅವಕ್ಕೆ ಸಾಲುತ್ತಿಲ್ಲ ಎಂದಿತು. ಬೆಳ್ಳಿ ಪಾಪ, ನಂಬಿ ಪಕ್ಕಕ್ಕೆ ಸರಿಯಿತು. ಕೆಲವು ದಿನ ಕಳೆದ ಮೇಲೆ ಚುಕ್ಕಿಯ ಎರಡು ಮರಿ ಮೂರಾದವು. ಬೆಳ್ಳಿ ಇನ್ನಷ್ಟು ಸರಿಯಿತು.

ಪುಕ್ಕಿ ಎಂಬ ಮುದಿ ಕೋಳಿ ಜಗಲಿಯ ಮೇಲೆ ಕೂತು ಇದನ್ನೆಲ್ಲ ನೋಡುತ್ತಿತ್ತು. ಒಂದು ಮಧ್ಯಾಹ್ನ ಅದು ಚುಕ್ಕಿಯ ಹತ್ತಿರ ಬಂದು ಹೇಳಿತು: "ನಾನೂ ಚಿಕ್ಕವಳಿದ್ದಾಗ ಒಂದು ಗುಂಡು ಕಲ್ಲಿನ ಮೇಲೆ ಕಾವು ಕೂತಿದ್ದೆ ಕಣೇ. ಎಷ್ಟು ದಿನ ಕೂತರೂ ಕಲ್ಲು ಮರಿಯಾಗಲಿಲ್ಲ."

ಚುಕ್ಕಿ ಕೇಳಿಸದವರ ಹಾಗೆ ಮುಖ ತಿರುಗಿಸಿ ನರಳಿತು.

ದಿನ ತುಂಬಿ ಬೆಳ್ಳಿ ಎರಡು ಮರಿ ಹಾಕಿತು. ಆದರೆ ಅದರ ಪಕ್ಕೆಲುಬು ಎದ್ದು ಕಾಣುತ್ತಿತ್ತು. ಕೆಚ್ಚಲಲ್ಲಿ ಇದ್ದ ಹಾಲು ಒಂದು ಮರಿಗೇ ಸಾಲದು. ಎರಡನೆಯದು ಗುಬ್ಬಿಯಷ್ಟಿತ್ತು. ನಿಲ್ಲಲೂ ಆಗದೆ ಮೇ ಮೇ ಎಂದು ಅಳುತ್ತಿತ್ತು. ಪುಟ್ಟಮಾದಮ್ಮ ಅದನ್ನು ಸೆರಗಿನಲ್ಲಿ ಸುತ್ತಿ ಚುಕ್ಕಿಯ ಹತ್ತಿರ ತಂದಳು. "ನಿನಗೂ ಇಂದೋ ನಾಳೆಯೋ ಆಗುತ್ತೆ. ಹಾಲು ಇಳಿದಿರಬೇಕು. ಇದಕ್ಕೆ ಒಂದು ಗುಟುಕು ಕೊಡೇ ತಾಯಿ" ಎಂದಳು.

ಮರಿ ಚುಕ್ಕಿಯ ಕೆಚ್ಚಲಿಗೆ ಬಾಯಿ ಹಾಕಿತು. ಚೀಪಿತು. ತಲೆಯಿಂದ ಗುದ್ದಿತು. ಮತ್ತೆ ಚೀಪಿತು. ಒಂದು ಹನಿಯೂ ಬರಲಿಲ್ಲ. ಚುಕ್ಕಿ ಅತ್ತ ಹಾರಿತು, ಇತ್ತ ಹಾರಿತು. ಹಗ್ಗ ಕಟ್ಟಿತ್ತಲ್ಲ, ಎಲ್ಲಿಗೆ ಹೋದೀತು? ಕೊನೆಗೆ ಮರಿ ಸೋತು ಅದರ ಕಾಲ ಬುಡದಲ್ಲೇ ಮಲಗಿತು.

ಪುಟ್ಟಮಾದಮ್ಮನಿಗೆ ಭಯವಾಯಿತು. ಇಷ್ಟು ದೊಡ್ಡ ಹೊಟ್ಟೆ, ಹಾಲೇ ಇಲ್ಲ ಅಂದರೆ ಮರಿಗಳು ಒಳಗೇ ಸಿಕ್ಕಿಕೊಂಡಿರಬೇಕು ಎಂದುಕೊಂಡಳು. ಹರಳೆಣ್ಣೆಗೆ ಓಮ, ಶುಂಠಿ, ಮೆಣಸು ಅರೆದು ಹಾಕಿ ಮದ್ದು ಕಾಯಿಸಿದಳು. ಆರಿದ ಮೇಲೆ ಅದನ್ನು ಗೊಟ್ಟಕ್ಕೆ ತುಂಬಿದಳು. ಗೊಟ್ಟವೆಂದರೆ ದನ, ಆಡುಗಳ ಗಂಟಲಿಗೆ ಮದ್ದು ಸುರಿಯುವ ಬಿದಿರಿನ ಕೊಳವೆ. ಚುಕ್ಕಿ ಹಲ್ಲು ಕಚ್ಚಿ ಹಿಡಿಯಿತು. ಪುಟ್ಟಮಾದಮ್ಮ ಬಿಡಲಿಲ್ಲ. ಒಂದು ಗೊಟ್ಟ ಕುಡಿಸಿದಳು. ಮರಿಗಳು ಮೂರಿದ್ದರೂ ಇದ್ದಾವು ಎಂದು ಮತ್ತೂ ಎರಡು ಗೊಟ್ಟ ಕುಡಿಸಿದಳು.

ಆ ಮಧ್ಯಾಹ್ನ ಚುಕ್ಕಿಯ ಪಾಡು ಹೇಳುವ ಹಾಗಿರಲಿಲ್ಲ. ಕೋಳಿಗಳೆಲ್ಲ ಅಂಗಳ ಬಿಟ್ಟು ಮನೆಯ ಮಾಡಿನ ಮೇಲೆ ಹತ್ತಿ ಕೂತವು. ಸಂಜೆಯ ಹೊತ್ತಿಗೆ ಹೊಟ್ಟೆ ಚಪ್ಪಟೆಯಾಗಿ ಬೆನ್ನಿಗೆ ಅಂಟಿಕೊಂಡಿತ್ತು. ಮರಿ ಮಾತ್ರ ಒಂದೂ ಇರಲಿಲ್ಲ.

ಪುಟ್ಟಮಾದಮ್ಮ ಅದನ್ನು ಹಿಂದೆ ಮುಂದೆ ನೋಡಿ ಸೊಂಟ ಹಿಡಿದುಕೊಂಡು ನಕ್ಕಳು. ಬೆಳ್ಳಿಯ ಪಕ್ಕೆಲುಬಿನ ಮೇಲೆ ಕಣ್ಣು ಬಿದ್ದಾಗ ನಗು ನಿಂತಿತು. ಉಳಿದ ಹುರುಳಿಯನ್ನೆಲ್ಲ ಬೆಳ್ಳಿಗೆ ಸುರಿದಳು. ಬಟ್ಟೆಯ ಬತ್ತಿಯನ್ನು ತೆಳು ಗಂಜಿಯಲ್ಲಿ ಅದ್ದಿ ಸಣ್ಣ ಮರಿಗೆ ಚೀಪಿಸಿದಳು.

ಆದರೆ ಆ ಮರಿಗೆ ಯಾರು ಹೇಳುವುದು? ಅದು ಚುಕ್ಕಿಯನ್ನೇ ತಾಯಿ ಎಂದುಕೊಂಡಿತ್ತು. ತೆವಳಿಕೊಂಡು ಬಂದು ಅದರ ಹೊಟ್ಟೆಯಡಿ ತಲೆ ತೂರಿಸಿತು. ಹಾಲು ಸಿಗದಿದ್ದಾಗ ಅದರ ಕಿವಿಯನ್ನೇ ಚೀಪತೊಡಗಿತು. ಚುಕ್ಕಿಗೆ ಮದ್ದು ಕುಡಿದಾಗಲೂ ಅಷ್ಟು ಕಹಿಯಾಗಿರಲಿಲ್ಲ.

"ಬೆಳ್ಳಕ್ಕಾ, ನನ್ನ ಹೊಟ್ಟೆಯಲ್ಲಿ ಇದ್ದದ್ದು ನಿನ್ನ ಹುರುಳಿ" ಎಂದು ತಲೆ ತಗ್ಗಿಸಿ ಹೇಳಿತು.

"ಗೊತ್ತಾಯಿತು ಬಿಡು. ಅಂಗಳದ ತುಂಬ ಬಿದ್ದಿತ್ತಲ್ಲ" ಎಂದಿತು ಬೆಳ್ಳಿ.

ಮರುದಿನ ಪುಟ್ಟಮಾದಮ್ಮ ಚುಕ್ಕಿಯನ್ನು ಮಂದೆಯ ಜೊತೆ ಕಾಡಿಗೆ ಹೊಡೆದಳು. ಸಂಜೆ ಬರುವಾಗ ಅದರ ಬಾಯಲ್ಲಿ ಅತ್ತಿಯ ಕೊಂಬೆಯೊಂದಿತ್ತು. ದಾರಿಯುದ್ದಕ್ಕೂ ಜೊಲ್ಲು ಸುರಿಸುತ್ತ ತಂದು ಬೆಳ್ಳಿಯ ಮುಂದೆ ಹಾಕಿತು. ಹೀಗೆಯೇ ದಿನವೂ ತಂದಿತು. ಬೆಳ್ಳಿಗೆ ಹಾಲು ಇಳಿಯಿತು. ಸಣ್ಣ ಮರಿ ಎದ್ದು ನಿಂತಿತು, ಆಮೇಲೆ ಕುಣಿಯಿತು. ಚುಕ್ಕಿ ತರುತ್ತಿದ್ದ ಕೊಂಬೆಯಲ್ಲಿ ದಿನವೂ ಒಂದೆರಡು ಎಲೆ ಮಾತ್ರ ಕಡಿಮೆ ಇರುತ್ತಿತ್ತು.

ನೀತಿ: ಸುಳ್ಳು ಹೇಳಿ ತಿಂದ ಹೆಚ್ಚಿನ ತುತ್ತು ನಿಜವಾಗಿ ಹಸಿದವರ ಬಾಯಿಂದ ಕಿತ್ತುಕೊಂಡದ್ದು, ಅದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ.