ದುರುಗಪ್ಪನವರ ಎಲೆ

"ಗುರುಗಳೇ, ಹೆಸರಿನ ಕೊನೆಗೆ 'ಅವರು' ಎಂದು ಯಾರಿಗೆ ಹಚ್ಚಬೇಕು, ಯಾರಿಗೆ ಬಿಡಬೇಕು?" ಎಂದು ಶಿಷ್ಯ ಕೇಳಿದ.

ಅದು ಯುಗಾದಿಯ ಹಿಂದಿನ ದಿನ. ಮರುದಿನ ಮಠದಲ್ಲಿ ಹಬ್ಬದ ಊಟವಿತ್ತು. ವರ್ಷವಿಡೀ ಮಠಕ್ಕಾಗಿ ದುಡಿದವರನ್ನೆಲ್ಲ ಒಂದೇ ಸಾಲಿನಲ್ಲಿ ಕೂರಿಸಿ ಬಡಿಸಬೇಕೆಂದು ಗುರುಗಳು ಹೇಳಿದ್ದರು. ಪ್ರತಿ ಎಲೆಯ ಮುಂದೆ ಇಡಲು ಹೆಸರಿನ ಚೀಟಿ ಮಾಡುವ ಕೆಲಸ ಶಿಷ್ಯನ ಪಾಲಿಗೆ ಬಂದಿತ್ತು. ಬೆಳಗಿನಿಂದ ಅವನು ದಪ್ಪ ಕಾಗದ ಕತ್ತರಿಸಿ, ಮಡಿಸಿ, ಹೆಸರು ಬರೆಯುತ್ತ ಕೂತಿದ್ದ. ಈಗ ಒಂದು ಚೀಟಿಯ ಮೇಲೆ ಅವನ ಕೈ ನಿಂತುಬಿಟ್ಟಿತ್ತು.

"ಇದು ನಮ್ಮ ಸಣ್ಣಿಯ ಚೀಟಿ," ಎಂದ. ಸಣ್ಣಿ ಮಠದ ಅಂಗಳ ಗುಡಿಸುವ ಮುದುಕಿ. "ಹೋದ ಮಳೆಗಾಲದಲ್ಲಿ ನಾನು ಜ್ವರದಲ್ಲಿ ಬಿದ್ದಾಗ ಇಪ್ಪತ್ತು ದಿನ ಗಂಜಿ ಕುಡಿಸಿದವಳು ಅವಳು. ಅವಳಿಲ್ಲದಿದ್ದರೆ ನಾನು ಉಳಿಯುತ್ತಿರಲಿಲ್ಲ. ಬರೀ ಸಣ್ಣಿ ಎಂದು ಬರೆಯಲು ಮನಸ್ಸು ಒಪ್ಪುತ್ತಿಲ್ಲ. 'ಸಣ್ಣಮ್ಮನವರು' ಎಂದು ಬರೆದರೆ ಹೆಚ್ಚಾದೀತೇ?"

"ಹೆಚ್ಚೇನೂ ಆಗದು. ಬರೆ," ಎಂದರು ಗುರುಗಳು.

ಶಿಷ್ಯ ಬರೆದ. ಶಾಯಿ ಆರಲೆಂದು ಊದಿದ. ಚೀಟಿಯನ್ನು ದೂರ ಹಿಡಿದು ನೋಡಿ, "ಈಗ ನನ್ನ ಮನಸ್ಸು ಹಗುರವಾಯಿತು," ಎಂದ.

"ಇಷ್ಟು ಬೇಗ ಹಗುರವಾಯಿತೇ? ಹಾಗಾದರೆ ಲೇಖನಿ ಕೆಳಗಿಡು. ಒಂದು ಕತೆ ಹೇಳುತ್ತೇನೆ," ಎಂದರು ಗುರುಗಳು.

ಒಂದು ಊರಿನಲ್ಲಿ ಒಬ್ಬ ಬೆಲ್ಲದ ವ್ಯಾಪಾರಿ ಇದ್ದ. ಅವನ ಮಾತು ಒರಟು, ಮನಸ್ಸು ಒಳ್ಳೆಯದು. ಇಂಥವರಿಗೆ ತಮ್ಮ ಮನಸ್ಸು ಒಳ್ಳೆಯದೆಂಬುದು ಚೆನ್ನಾಗಿ ಗೊತ್ತಿರುತ್ತದೆ. ಆದ್ದರಿಂದ ಮಾತಿನ ಕಡೆಗೆ ಗಮನ ಹೋಗುವುದಿಲ್ಲ.

ಅವನ ಉಗ್ರಾಣದಲ್ಲಿ ಮೂಟೆ ಹೊರುವ ಹಮಾಲಿ ಒಬ್ಬನಿದ್ದ. ಹದಿನಾರು ವರ್ಷದಿಂದ ಅಲ್ಲೇ ಇದ್ದ. ವಯಸ್ಸಿನಲ್ಲಿ ವ್ಯಾಪಾರಿಗಿಂತ ನಾಲ್ಕು ವರ್ಷ ದೊಡ್ಡವನು. ಲಾರಿ ಬಂದು ನಿಂತೊಡನೆ ವ್ಯಾಪಾರಿ ಅಂಗಡಿಯ ಬಾಗಿಲಿಗೆ ಬಂದು "ಏ ದುರುಗಾ" ಎಂದು ಕೂಗುತ್ತಿದ್ದ. ಆ ಕೂಗು ಬೀದಿಯ ಕೊನೆಯವರೆಗೆ ಕೇಳುತ್ತಿತ್ತು. ಹಮಾಲಿ ಎಲ್ಲಿದ್ದರೂ ಓಡಿ ಬರುತ್ತಿದ್ದ. ಕರೆದವನಿಗೂ ಬಂದವನಿಗೂ ಅದರಲ್ಲಿ ತಪ್ಪೇನೂ ಕಂಡಿರಲಿಲ್ಲ.

ಒಂದು ದಿನ ಉಗ್ರಾಣದಲ್ಲಿ ಒಟ್ಟಿದ್ದ ಮೂಟೆಗಳ ಸಾಲು ವಾಲಿತು. ವ್ಯಾಪಾರಿ ಅದರ ಕೆಳಗೇ ನಿಂತಿದ್ದ. ಮೊದಲ ಎರಡು ಮೂಟೆ ಅವನ ಕಾಲಿನ ಮೇಲೆ ಬಿದ್ದವು. ಉಳಿದವು ಬೀಳಲಿಲ್ಲ. ದುರುಗ ನುಗ್ಗಿ ಬಂದು ಬೆನ್ನು ಕೊಟ್ಟಿದ್ದ. ಜನ ಸೇರಿ ವ್ಯಾಪಾರಿಯನ್ನು ಎಳೆದು ತೆಗೆಯುವ ತನಕ ಅವನು ಅಲ್ಲಾಡಲಿಲ್ಲ. ವ್ಯಾಪಾರಿಯ ಕಾಲು ಆರು ತಿಂಗಳಿಗೆ ಕೂಡಿಕೊಂಡಿತು. ದುರುಗನ ಬಲಗೈ ಮಾತ್ರ ಅಂದಿನಿಂದ ಕಿವಿಯ ಮೇಲಕ್ಕೆ ಏಳಲಿಲ್ಲ.

ವ್ಯಾಪಾರಿ ಉಪಕಾರ ಮರೆಯುವವನಲ್ಲ. ಹಮಾಲಿಯನ್ನು ಒಳ್ಳೆಯ ವೈದ್ಯರಿಗೆ ತೋರಿಸಿದ. ಮನೆಯವರಿಗೆಲ್ಲ ಹೊಸ ಬಟ್ಟೆ ಕೊಡಿಸಿದ. ಆದರೂ ಅವನಿಗೆ ಸಮಾಧಾನವಿಲ್ಲ. ಹಾಸಿಗೆಯಲ್ಲಿ ಮಲಗಿ ಸೂರು ನೋಡುತ್ತಿದ್ದಾಗಲೇ ಹೆಂಡತಿಗೆ ಹೇಳಿದ್ದ: "ನಾನು ಎದ್ದು ಓಡಾಡುವಂತಾದರೆ ಬರೋ ಯುಗಾದಿಗೆ ನಂಟರನ್ನೆಲ್ಲ ಕರೀತೀನಿ. ದುರುಗ ನನ್ನ ಪಕ್ಕದ ಎಲೇಲಿ ಕೂರಬೇಕು. ಅವನು ಮೊದಲ ತುತ್ತು ಎತ್ತೋವರೆಗೂ ನಾನು ಅನ್ನ ಮುಟ್ಟಲ್ಲ. ಯಾರಿಗೂ ಹೇಳಬೇಡ, ಅವತ್ತೇ ಗೊತ್ತಾಗಲಿ."

ಹೇಳಿದಷ್ಟು ಸುಲಭದ ಮಾತಲ್ಲ ಅದು. ಆ ಮನೆಯ ಹಬ್ಬದ ಊಟದಲ್ಲಿ ಮುಂದಿನ ಎಲೆಗಳಿಗೆ ನಂಟರು ಮುಗಿಬೀಳುತ್ತಿದ್ದರು. ಕೆಲಸದವರು ತಾವಾಗಿಯೇ ಹಿತ್ತಲಿಗೆ ಹೋಗಿ ಕೊನೆಯಲ್ಲಿ ಉಣ್ಣುತ್ತಿದ್ದರು. ದುರುಗನನ್ನು ಅವನ ಪಾಡಿಗೆ ಬಿಟ್ಟರೆ ಅವನೂ ಅಲ್ಲಿಗೇ ಹೋಗುವವನು. ಆದ್ದರಿಂದ ಪ್ರತಿ ಎಲೆಯ ಮುಂದೆ ಹೆಸರಿನ ಚೀಟಿ ಇಡಬೇಕೆಂದು ವ್ಯಾಪಾರಿ ನಿಶ್ಚಯಿಸಿದ. ಚೀಟಿ ಇದ್ದರೆ ಯಾರೂ ಯಾರನ್ನೂ ಎಬ್ಬಿಸುವಂತಿಲ್ಲ.

ಅಚ್ಚು ಹಾಕಿಸಿದರಾಯಿತು ಎಂದಳು ಹೆಂಡತಿ. ವ್ಯಾಪಾರಿ ಒಪ್ಪಲಿಲ್ಲ. ತನ್ನ ಕೈಯಿಂದಲೇ ಆಗಬೇಕು ಎಂದ. ಮನೆಯಲ್ಲಿ ತಂತಿಗೆ ಪೋಣಿಸಿಟ್ಟಿದ್ದ ಹಳೆಯ ಮದುವೆ ಕರೆಯೋಲೆಗಳನ್ನು ಇಳಿಸಿದ. ಅವುಗಳ ಹಿಂಬದಿ ಖಾಲಿ ಇತ್ತು. ಮೂರು ಮಧ್ಯಾಹ್ನ ಅಂಗಡಿ ಬಿಟ್ಟು ಜಗಲಿಯ ಮೇಲೆ ಕೂತು ಕತ್ತರಿಸಿದ. ನಿಲ್ಲುವಂತೆ ಮಧ್ಯಕ್ಕೆ ಮಡಿಸಿದ. ಕೆಲವು ಚೀಟಿಗಳ ಮೂಲೆಯಲ್ಲಿ ಹಳೆಯ ಅರಿಸಿನ ಹಾಗೇ ಉಳಿದಿತ್ತು. ಹಬ್ಬಕ್ಕೆ ಅದೇ ಶೋಭೆ ಎಂದುಕೊಂಡ. ಮೂಟೆಯ ಮೇಲೆ ಗುರುತು ಬರೆದು ಬರೆದು ಅವನ ಅಕ್ಷರ ದಪ್ಪವಾಗಿತ್ತು. ಮಾವನವರ ಹೆಸರು ಎರಡು ಸಾಲಿಗೆ ಹೋಯಿತು.

ಎಲ್ಲ ಮುಗಿದ ಮೇಲೆ ದುರುಗನ ಚೀಟಿ ಉಳಿಯಿತು. 'ದುರುಗ' ಎಂದು ಬರೆದ. ನೋಡಿದ. ಅಷ್ಟು ಅಗಲದ ಚೀಟಿಯಲ್ಲಿ ಆ ಮೂರು ಅಕ್ಷರ ಅವನಿಗೆ ತೀರಾ ಬಡವಾಗಿ ಕಂಡವು. ಹರಿದು ಹಾಕಿದ. 'ದುರುಗಪ್ಪ' ಎಂದು ಬರೆದ. ಅದೂ ಸಾಲದು ಎನಿಸಿತು. ನಾಲ್ಕು ಚೀಟಿ ಹಾಳಾದ ಮೇಲೆ ಐದನೆಯದರಲ್ಲಿ 'ಶ್ರೀ ದುರುಗಪ್ಪನವರು' ಎಂದು ನಿಧಾನವಾಗಿ, ದುಂಡಗೆ ಬರೆದ. ಅವನ ಬದುಕಿನಲ್ಲೇ ಅಷ್ಟು ಚೆಂದದ ಅಕ್ಷರ ಅವನ ಕೈಯಿಂದ ಬಂದಿರಲಿಲ್ಲ. ಒಳಗೆ ಹೋಗಿ ಹೆಂಡತಿಗೆ ತೋರಿಸಿದ.

ಅವಳು ಹೋಳಿಗೆಗೆ ಬೇಳೆ ಆರಿಸುತ್ತಿದ್ದಳು. ಚೀಟಿ ಓದಿ, "ಯಾರ್ರೀ ಇವರು? ನಿಮ್ಮ ತಾಯಿ ಕಡೆಯೋರಾ?" ಎಂದು ಕೇಳಿದಳು.

ವ್ಯಾಪಾರಿ ನಕ್ಕುಬಿಟ್ಟ. ನಗುವ ಬದಲು ಒಂದು ಗಳಿಗೆ ಯೋಚಿಸಿದ್ದರೆ ನನಗೆ ಈ ಕತೆಯೇ ಸಿಗುತ್ತಿರಲಿಲ್ಲ.

ಮರುದಿನ ಅಂಗಡಿಯಲ್ಲಿ, "ಏ ದುರುಗಾ, ಹಬ್ಬದ ದಿನ ಊಟಕ್ಕೆ ಬಾರೋ. ಎಲೆ ಮುಂದೆ ನಿನ್ನ ಚೀಟಿ ಇರುತ್ತೆ, ನೋಡಿಕೊಂಡು ಕೂತ್ಕೋ," ಎಂದು ಕರೆದ.

ಯುಗಾದಿ ಬಂತು. ಪಡಸಾಲೆಯಲ್ಲಿ ನಲವತ್ತು ಎಲೆ ಹಾಕಿದರು. ನಂಟರು ತಮ್ಮ ತಮ್ಮ ಚೀಟಿ ಹುಡುಕಿ ಕೂತರು. ಕೆಲವರು ಚೀಟಿಯನ್ನು ಎತ್ತಿ ನೋಡಿ, ಹಿಂಬದಿಯಲ್ಲಿ ತಮ್ಮದೇ ಮಗಳ ಮದುವೆಯ ಮುಹೂರ್ತ ಕಂಡು ಸಂತೋಷಪಟ್ಟರು. ದುರುಗ ಎಣ್ಣೆನೀರು ಹಾಕಿಕೊಂಡು, ಒಗೆದ ಪಂಚೆ ಉಟ್ಟು ಬಂದ. ಮೂಟೆಯ ಮೇಲಿನ ಗುರುತು ಓದಿ ಓದಿ ಅವನಿಗೆ ಅಕ್ಷರ ಬರುತ್ತಿತ್ತು. ಆ ಕೊನೆಯಿಂದ ಈ ಕೊನೆಯವರೆಗೆ ತುಟಿ ಅಲ್ಲಾಡಿಸುತ್ತ ಒಂದೊಂದೇ ಚೀಟಿ ಓದಿದ. ಮತ್ತೆ ಈ ಕೊನೆಯಿಂದ ಆ ಕೊನೆಗೆ ಓದಿದ. ಕೊನೆಗೆ ವ್ಯಾಪಾರಿಯ ಪಕ್ಕದ ಖಾಲಿ ಎಲೆಯ ಹಿಂದೆ ನಿಂತ. ಎಲೆ ಸ್ವಲ್ಪ ಓರೆಯಾಗಿತ್ತು. ಬಗ್ಗಿ ನೇರ ಮಾಡಿದ.

ಆ ಹೊತ್ತಿಗೆ ವ್ಯಾಪಾರಿಯ ಭಾವಮೈದುನ ತಡವಾಗಿ ಬಂದ. ಖಾಲಿ ಎಲೆ ಕಂಡು ಅಲ್ಲಿಯೇ ಕೂರಲು ಹೋದ. ದುರುಗ ಅಡ್ಡ ಬಂದ.

"ಇಲ್ಲಿ ಬ್ಯಾಡಿ ಸ್ವಾಮಿ. ಇದು ದುರುಗಪ್ಪನೋರ ಎಲೆ. ಯಾರೋ ದೊಡ್ಡೋರು. ಧಣಿಗಳು ಪಕ್ಕದಲ್ಲೇ ಹಾಕ್ಸವ್ರೆ," ಎಂದ.

ಭಾವಮೈದುನ ತನ್ನ ಚೀಟಿ ಹುಡುಕಿಕೊಂಡು ಹೋದ. ದುರುಗ ಹೆಗಲ ಮೇಲಿನ ಟವೆಲು ತೆಗೆದು ಎಡಗೈಯಿಂದ ಆ ಎಲೆಯ ಮೇಲಿನ ನೊಣ ಓಡಿಸುತ್ತ ನಿಂತ.

ವ್ಯಾಪಾರಿ ಪೂಜೆ ಮುಗಿಸಿ ಬೇವು ಬೆಲ್ಲದ ಬಟ್ಟಲು ಹಿಡಿದು ಹೊರಗೆ ಬಂದ. ಎಲ್ಲ ಎಲೆ ತುಂಬಿದ್ದವು. ಅವನದು ಮತ್ತು ಪಕ್ಕದ್ದು ಎರಡು ಮಾತ್ರ ಖಾಲಿ. ಆ ಮನೆಯಲ್ಲಿ ಒಂದು ಎಲೆ ಖಾಲಿ ಇದ್ದರೂ ಯಾರೂ ಊಟಕ್ಕೆ ಕೈ ಹಾಕುವ ರೂಢಿ ಇರಲಿಲ್ಲ.

"ಏ ದುರುಗಾ, ಯಾಕೋ ನಿಂತಿದ್ದೀಯ? ಕೂತ್ಕೋ," ಎಂದ ವ್ಯಾಪಾರಿ.

"ನನ್ ಚೀಟಿ ಸಿಗ್ಲಿಲ್ಲ ಧಣಿ, ಎಲ್ಡು ಸಲ ಓದ್ದೆ," ಎಂದ ದುರುಗ. "ಕೆಲ್ಸದ ಗಡಿಬಿಡೀಲಿ ಮರ್ತಿದ್ದೀರಿ, ಅದ್ಕೇನಂತೆ. ಈ ದೊಡ್ಡೋರು ಬರೋಗಂಟ ನೊಣ ನೋಡ್ಕತೀನಿ. ಆಮ್ಯಾಕೆ ಹಿತ್ಲಲ್ಲಿ ಕೂತು ಉಣ್ತೀನಿ."

ಅವನ ದನಿಯಲ್ಲಿ ಸ್ವಲ್ಪವೂ ಬೇಸರವಿರಲಿಲ್ಲ. ಬೇಸರವಿದ್ದಿದ್ದರೆ ವ್ಯಾಪಾರಿ ಹೇಗೋ ಸಹಿಸಿಕೊಳ್ಳುತ್ತಿದ್ದ. ಅವನ ಕೈಯಲ್ಲಿದ್ದ ಬಟ್ಟಲು ಅಲ್ಲೇ ನಿಂತಿತು.

ಹೆಂಡತಿ ಹತ್ತಿರ ಬಂದು ಕಿವಿಯಲ್ಲಿ ಹೇಳಿದಳು: "ಬರೀ ದುರುಗ ಅಂತ ಬೇರೆ ಚೀಟಿ ಬರೆದು ಇಟ್ಟುಬಿಡ್ರಿ. ಪಾಪ, ಅದಾದ್ರೆ ಅವನಿಗೆ ಗೊತ್ತಾಗುತ್ತೆ. ಅನ್ನ ಆರ್ತಾ ಇದೆ."

ವ್ಯಾಪಾರಿ ಜೇಬಿನಿಂದ ಪೆನ್ನು ತೆಗೆದ. ಬರೆದರೆ ಅವನು ಕೂರುತ್ತಾನೆ, ಊಟವೂ ಆಗುತ್ತದೆ. ಆದರೆ ಮೂಟೆಯ ಕೆಳಗಿನಿಂದ ತನ್ನನ್ನು ಉಳಿಸಿದ ಮನುಷ್ಯನಿಗೆ ತಾನು ಹದಿನಾರು ವರ್ಷದಲ್ಲಿ ಒಂದು ಪೂರ್ತಿ ಹೆಸರನ್ನೂ ಕೊಟ್ಟಿರಲಿಲ್ಲ. ಇಂದು ಕೊಟ್ಟರೆ ಅವನು ಅದನ್ನು ಬೇರೆ ಯಾರದೋ ಹೆಸರೆಂದು ತಿಳಿದು ಕಾಯುತ್ತ ನಿಂತಿದ್ದಾನೆ. ವ್ಯಾಪಾರಿ ಪೆನ್ನನ್ನು ಮತ್ತೆ ಜೇಬಿಗೆ ಹಾಕಿದ.

ಚೀಟಿಯಲ್ಲಿ ಬರೆದದ್ದನ್ನು ಬಾಯಲ್ಲಿ ಹೇಳಬೇಕಿತ್ತು, ಅಷ್ಟೇ. ಎದುರಿಗೆ ಮಾವನವರಿದ್ದರು, ಬೀಗರಿದ್ದರು. ಬೀದಿಯ ಕೊನೆಗೆ ಕೇಳುವಂತೆ ಕೂಗುತ್ತಿದ್ದವನು ಒಮ್ಮೆ ಕೆಮ್ಮಿ, ಸಣ್ಣ ದನಿಯಲ್ಲಿ "ದುರುಗಪ್ಪನವರೇ, ಬನ್ನಿ," ಎಂದ.

ದುರುಗ ತಟ್ಟನೆ ಬಾಗಿಲ ಕಡೆ ತಿರುಗಿ ನೋಡಿದ. ಬರುವ ದೊಡ್ಡವರಿಗೆ ದಾರಿಯಾಗಲೆಂದು ಗೋಡೆಗೆ ಒತ್ತಿ ನಿಂತ.

ಒಂದಿಬ್ಬರು ನಕ್ಕರು. ವ್ಯಾಪಾರಿ ಬಟ್ಟಲನ್ನು ಹೆಂಡತಿಯ ಕೈಗೆ ಕೊಟ್ಟು ದುರುಗನ ಹತ್ತಿರ ಹೋದ. ಮೇಲೆ ಏಳದ ಆ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ದುರುಗಪ್ಪನವರೇ, ನಿಮ್ಮನ್ನೇ ಕರೆದದ್ದು. ಇದು ನಿಮ್ಮ ಎಲೆ. ನೀವು ನನ್ನನ್ನು ಉಳಿಸಿದಿರಿ. ನೀವು ಉಂಡ ಮೇಲೆ ನಾನು ಉಣ್ಣುತ್ತೇನೆ," ಎಂದ. ಈ ಸಲ ಅದು ಪಡಸಾಲೆಗೆಲ್ಲ ಕೇಳಿತು.

ದುರುಗ ಬಗ್ಗಿ ಚೀಟಿಯನ್ನು ಎತ್ತಿಕೊಂಡ. ಒಂದೊಂದು ಅಕ್ಷರದ ಮೇಲೂ ಬೆರಳಿಟ್ಟು ಮತ್ತೆ ಓದಿದ.

"ಇದು ನಾನಾ?" ಎಂದು ಕೇಳಿದ.

ಆಮೇಲೆ ಕೂತ. ಬೇವು ಬೆಲ್ಲ ಬಾಯಿಗೆ ಹಾಕಿಕೊಂಡ. ಮೊದಲ ತುತ್ತು ಎತ್ತಿದ. ವ್ಯಾಪಾರಿ ಅದನ್ನು ನೋಡಿ ತನ್ನ ಎಲೆಗೆ ಕೈ ಹಾಕಿದ. ಅವನ ಕಣ್ಣು ತುಂಬಿತ್ತು. ಒಗ್ಗರಣೆಯ ಹೊಗೆ ಎಂದು ಪಕ್ಕದವರಿಗೆ ಹೇಳಿಕೊಂಡ. ಕಾಲು ಮುರಿದು ಮಲಗಿದ್ದ ಅಷ್ಟೂ ದಿನ ಮನಸ್ಸಿನಲ್ಲಿ ಕೂಡಿಟ್ಟುಕೊಂಡಿದ್ದ ಕೃತಜ್ಞತೆ ಅಂದು ಅವನ ಮನೆಯಲ್ಲಿ ಎಲ್ಲರಿಗೂ ಕಂಡಿತು. ಹೊರಡುವಾಗ ದುರುಗ ಆ ಚೀಟಿಯನ್ನು ಟವೆಲಿನ ತುದಿಗೆ ಗಂಟು ಹಾಕಿಕೊಂಡು ಹೋದ.

ಹಬ್ಬ ಮುಗಿಯಿತು. ಮರುದಿನ ಬೆಳಗ್ಗೆ ಅಂಗಡಿಯ ಮುಂದೆ ಲಾರಿ ಬಂದು ನಿಂತಿತು. ನಂಟರಿಲ್ಲ, ಎಲೆಯಿಲ್ಲ, ಚೀಟಿಯಿಲ್ಲ. ವ್ಯಾಪಾರಿ ಎಂದಿನಂತೆ ಬಾಗಿಲಿಗೆ ಬಂದ. ಎದೆ ತುಂಬ ಉಸಿರು ತೆಗೆದುಕೊಂಡು ಬಾಯಿ ತೆರೆದ.

ಇಷ್ಟು ಹೇಳಿ ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಕೈಯಲ್ಲಿ ಸಣ್ಣಮ್ಮನವರ ಚೀಟಿ ಇತ್ತು. ಶಾಯಿ ಆರಿತ್ತು. ಹೊರಗೆ ಅಂಗಳದಲ್ಲಿ ಯಾರೋ ನೀರು ಚೆಲ್ಲುವ ಸದ್ದಾಗುತ್ತಿತ್ತು.

"ಆಮೇಲೆ, ಗುರುಗಳೇ? ಅವನು ಏನೆಂದು ಕರೆದ?" ಎಂದು ಶಿಷ್ಯ ಕೇಳಿದ.

"ಸಣ್ಣಮ್ಮನವರು ಅಂಗಳದಲ್ಲಿ ಎಲೆ ತೊಳೆಯುತ್ತಿದ್ದಾರೆ. ನನಗೆ ಕೇಳುವಂತೆ ಇಲ್ಲಿಂದಲೇ ಒಮ್ಮೆ ಕರೆ. ನೀನು ಏನೆಂದು ಕರೆಯುತ್ತೀಯೋ, ಅವನೂ ಹಾಗೆಯೇ ಕರೆದ," ಎಂದರು ಗುರುಗಳು.