ತೇಲುಗಡ್ಡಿ ಜಾಡಿಗಿಳಿದದ್ದು

ಒಂದು ಮನೆಯಲ್ಲಿ ಬಿಯರ್ ಹುದುಗಲು ಇಟ್ಟ ಜಾಡಿಯಿತ್ತು. ಅದರಲ್ಲಿ ತೇಲಿ ಹದ ಹೇಳುವ ಗಾಜಿನ ಕಡ್ಡಿ, ಅಂದರೆ ತೇಲುಗಡ್ಡಿ, ದಿನಾ ಒಂದು ಲೋಟ ಬಿಯರ್ ತೆಗೆಸಿಕೊಂಡು, ಅದರಲ್ಲಿ ತೇಲಿ, "ಇನ್ನೂ ಆಗಿಲ್ಲ" ಎಂದು ಬಿಂಕದಿಂದ ಹೇಳುತ್ತಿತ್ತು. ಅಳೆದ ಬಿಯರೆಲ್ಲ ಮೋರಿಯ ಪಾಲು.

ಅರ್ಧ ಖಾಲಿಯಾದ ಜಾಡಿ ಕೊನೆಗೆ ಬಾಯಿಬಿಟ್ಟಿತು. "ಅಣ್ಣಾ, ಹೀಗಾದರೆ ಬರುವ ನೆಂಟರಿಗೆ ಏನು ಉಳಿದೀತು? ಬಿಸಿನೀರಲ್ಲಿ ಮಿಂದು ಶುಚಿಯಾಗಿ ನೀನೇ ನನ್ನೊಳಗೆ ಬಾ."

ತೇಲುಗಡ್ಡಿ ಅಂಜಿ ಲೋಟದ ಅಂಚಿಗೆ ಒರಗಿಕೊಂಡಿತು. ಇಷ್ಟು ದಿನದ ಬಿಂಕವೆಲ್ಲ ಈ ಅಂಜಿಕೆಯನ್ನು ಮುಚ್ಚಿಡಲೆಂದೇ ಇತ್ತು.

"ನಿನ್ನ ಆಳ ಕಂಡರೆ ಭಯ ಕಣೋ. ಮುಳುಗಿಹೋದರೆ?"

"ಲೋಟದಲ್ಲಿ ನಿನ್ನನ್ನು ಹೊತ್ತಿದ್ದೂ ನನ್ನ ಬಿಯರೇ ಅಲ್ಲವೇನಣ್ಣ?"

ತೇಲುಗಡ್ಡಿ ಮಿಂದು, ಕಣ್ಣುಮುಚ್ಚಿ ಇಳಿಯಿತು. ಮುಳುಗಲಿಲ್ಲ.

"ಹದ ಬಂದಿದೆ" ಎಂದು ಮೆಲ್ಲನೆ ಹೇಳಿತು.

ಅಂದು ಮೋರಿ ಒಣಗಿಯೇ ಇತ್ತು.